ಸೆಮಿನಾರ್ ಟಾಪಿಕ್ ಸಿಕ್ಕಿದ್ದು ಸ್ಟೀಲ್ ಲೋಟದಲ್ಲಿ

"ಓಆರ್‌ಎಸ್ ಮೇಲೆ ಸೆಮಿನಾರಾ? ಅಂಗನವಾಡಿಗೆ ಹೋಗಿ ಮಾಡು" ಅಂತ ನಮ್ಮ ಮೆಡಿಕಲ್ ಬ್ಯಾಚ್‌ನವರು ನಕ್ಕಿದ್ದರು. ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಉಪ್ಪು-ಸಕ್ಕರೆ ಪುಡಿ ತಾನೇ ಅಂತ. ಪೀಡಿಯಾಟ್ರಿಕ್ಸ್ (ಮಕ್ಕಳ ವಿಭಾಗ) ಪೋಸ್ಟಿಂಗ್ ಮುಗಿಯುವಾಗ ಯೂನಿಟ್ ಚೀಫ್ ಫೋನ್ ಪಕ್ಕಕ್ಕಿಟ್ಟು ಪೂರ್ತಿ ಕೇಳಿದ್ದು ಅದೊಂದನ್ನೇ.

ಮೊದಲು ನಾನೂ ಸೆಮಿನಾರಿಗೆ ಕವಾಸಕಿ ಕಾಯಿಲೆ (ಮಕ್ಕಳ ರಕ್ತನಾಳ ಊದುವ ಕಾಯಿಲೆ) ಆರಿಸಿಕೊಂಡವಳೇ. ಹೆಸರಲ್ಲೇ ಗತ್ತು ಇದೆಯಲ್ವಾ? ನಿದ್ದೆಗೆಟ್ಟು ನಲವತ್ತಕ್ಕೂ ಜಾಸ್ತಿ ಸ್ಲೈಡ್ ಮಾಡಿದೆ. ಕಲರ್ ಪ್ರಿಂಟ್‌ಗೆ ಸುಮಾರು 600 ರೂಪಾಯಿ ಹೋಯಿತು. ಅದಕ್ಕೆ ಕೊಡುವ ಐವಿಐಜಿ (ರಕ್ತನಾಳಕ್ಕೆ ಕೊಡುವ ಪ್ರತಿಕಾಯಗಳ ಔಷಧ) ಕೆಜಿಗೆ 2 ಗ್ರಾಂ ಅಂದೆ. "ಹತ್ತು ಕೆಜಿ ಮಗುವಿಗೆ 5 ಗ್ರಾಂ ವಯಲ್ ಎಷ್ಟು ಬೇಕು? ಯಾರು ದುಡ್ಡು ಕೊಡ್ತಾರೆ? ನೀನು ನೋಡಿದ ಮಗು ಯಾವ ಬೆಡ್‌ನಲ್ಲಿದೆ?" ಅಂತ ಚೀಫ್ ಕೇಳಿದರು. ನಾಲ್ಕು ವಯಲ್ ಅಂತ ಲೆಕ್ಕ ಹೇಳಿದೆ. ಉಳಿದೆರಡಕ್ಕೆ ಬಾಯಿ ಕಟ್ಟಿತು.

ಆಮೇಲೆ ನೆಫ್ರೋಟಿಕ್ ಸಿಂಡ್ರೋಮ್ ಅನ್ನೋ ಕಿಡ್ನಿ ಕಾಯಿಲೆ. ಸೆಮಿನಾರಿನ ಹಿಂದಿನ ಸಂಜೆಯೇ ಮಗು ಡಿಸ್ಚಾರ್ಜ್ ಆಯಿತು. ಹಿಂದಿನ ವಾರ ಬೇರೆ ಯೂನಿಟ್‌ನವರು ಅದನ್ನೇ ಮಾಡಿದ್ದರು ಅಂತ ನಂತರ ಗೊತ್ತಾಯಿತು. ಹತ್ತು ನಿಮಿಷಕ್ಕೆ ಕೂರಿಸಿದರು.

ಬೇಸಿಗೆಯಲ್ಲಿ ಭೇದಿಯ ಮಕ್ಕಳು ಶುರುವಾದವು. ಒಂಬತ್ತು ತಿಂಗಳ ಮಗುವೊಂದು ಒಂದೇ ಸಮ ಅಳುತ್ತಿತ್ತು, ನೀರು ಕಂಡರೆ ಎಗರುತ್ತಿತ್ತು. ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) 160ರ ಮೇಲೆ, ತೀರಾ ಜಾಸ್ತಿ. "ದಿನಾ ತಪ್ಪದೆ ಓಆರ್‌ಎಸ್ ಕೊಟ್ಟೆ ಮೇಡಂ" ಅಂದಳು ತಾಯಿ. ಹೇಗೆ ಕಲಸಿದ್ರಿ ತೋರಿಸಿ ಅಂದೆ. ಒಂದು ಲೀಟರಿನ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಸ್ಟೀಲ್ ಲೋಟಕ್ಕೆ ಸುರಿದಳು! ಲೀಟರಿಗೆ 75 ಮಿಲಿಮೋಲ್ ಇರಬೇಕಾದ ಸೋಡಿಯಂ, 200 ಎಂಎಲ್ ಲೋಟದಲ್ಲಿ ಕಲಸಿದಾಗ ಲೀಟರಿಗೆ 375ರ ಲೆಕ್ಕ. ತಪ್ಪು ಅವಳದ್ದಲ್ಲ. 200 ಎಂಎಲ್‌ನ ಸಣ್ಣ ಪ್ಯಾಕೆಟ್ಟೂ ಅಂಗಡಿಯಲ್ಲಿದೆ, ಹಿಂದಿನ ಸಲ ಅವಳಿಗೆ ಸಿಕ್ಕಿದ್ದು ಅದೇ.

ಅವತ್ತಿನಿಂದ ಇಪ್ಪತ್ತೈದು ತಾಯಂದಿರನ್ನು ಒಪ್ಪಿಸಿ ನನ್ನೆದುರೇ ಕಲಸಲು ಹೇಳಿದೆ. ಪ್ಯಾಕೆಟ್‌ಗಳಿಗೆ ಕೈಯಿಂದ 500ರ ಆಸುಪಾಸು ಖರ್ಚು. ಎಂಟೋ ಒಂಬತ್ತೋ ಜನ ತಪ್ಪು ಮಾಡಿದರು. ಒಬ್ಬಾಕೆ ಪುಡಿಯ ಬದಲು ಟೆಟ್ರಾ ಪ್ಯಾಕ್‌ನ ಸಿಹಿ ಪಾನೀಯ ತೆಗೆದಳು. ಅಂಥವಕ್ಕೆ ಓಆರ್‌ಎಸ್ ಅಂತ ಹೆಸರು ಹಾಕಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಮನೆಯ ಹಳೇ ಡಬ್ಬ ಅದನ್ನು ಕೇಳುತ್ತದೆಯೇ? ಭೇದಿಗೆ ಓಆರ್‌ಎಸ್ ಜೊತೆ ಕೊಡಬೇಕಾದ ಝಿಂಕ್ ಅನ್ನು 14 ದಿನ ಕೊಟ್ಟವರನ್ನಂತೂ ಬೆರಳಲ್ಲಿ ಎಣಿಸಬಹುದಿತ್ತು.

"ಹೇಗೆ ಕಲಸ್ತೀರಾ?" ಅಂತ ಬರೀ ಬಾಯಲ್ಲಿ ಕೇಳಿದರೆ ಎಲ್ಲರೂ "ಲೀಟರ್ ನೀರಿಗೆ" ಅಂತಲೇ ಹೇಳುತ್ತಾರೆ. ನಾನು ಕೇಳಿದ್ದು ಬೇರೆ ಪ್ರಶ್ನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಚಟಕ್ಕೆ ಬಿದ್ದು 50 ಎಂಎಲ್ ಸಿರಿಂಜ್ ಹಿಡಿದು ವಾರ್ಡಿನ ಲೋಟಗಳನ್ನೆಲ್ಲ ಅಳೆದೆ. 150ರಿಂದ 300ರವರೆಗೆ ಇದ್ದವು. ದೊಡ್ಡ ಪ್ಯಾಕೆಟ್ಟನ್ನು ಚಮಚದಲ್ಲಿ ಐದು ಸಮಪಾಲು ಮಾಡಬಹುದಾ ಅಂತ ಹಾಸ್ಟೆಲ್ ಮೆಸ್ಸಿನ ತಕ್ಕಡಿಯಲ್ಲಿ ತೂಗಿದೆ. ಒಂದೂ ಸಮ ಬರಲಿಲ್ಲ. ತಕ್ಕಡಿ ಅಂಟಂಟಾಗಿದೆ ಅಂತ ಭಟ್ಟರು ಬೈದರು.

ಸೆಮಿನಾರಿಗೆ ಹನ್ನೊಂದೇ ಸ್ಲೈಡ್. ಪ್ರಿಂಟ್ ಇಲ್ಲ. ಮೇಜಿನ ಮೇಲೆ ಆರು ಲೋಟ, ಒಂದು ಬಾಟಲ್, ಎರಡು ಅಳತೆಯ ಪ್ಯಾಕೆಟ್. ನಗುತ್ತಿದ್ದ ಪಿಜಿ (ಸ್ನಾತಕೋತ್ತರ ವೈದ್ಯ) ಒಬ್ಬರನ್ನೇ ಕರೆದು ಕಲಸಲು ಹೇಳಿದೆ. ಅವರು ಪ್ಯಾಕೆಟ್ ಓದದೆ ಕತ್ತರಿ ಹಾಕಿದರು. ಚೀಫ್ ನಕ್ಕಿದ್ದು ಆಗಲೇ.

ಈಗ ವಾರ್ಡಿನಲ್ಲಿ ಗೆರೆ ಎಳೆದ ಲೀಟರ್ ಬಾಟಲ್ ಇದೆ. ಅಂಗನವಾಡಿಗೆ ಹೋಗು ಅಂದ ಗೆಳೆಯ ಮೊನ್ನೆ ಸ್ಲೈಡ್ ಕೇಳಿದ. ಸ್ಲೈಡ್ ಕೊಟ್ಟೆ. ಪ್ರಶ್ನೆ ಕೊಡಲಿಲ್ಲ.