ತೊಗರಿ, ಹೆಸರು ಮೊಳೆಯುವುದನ್ನು ಮೂವತ್ತು ಸೆಕೆಂಡಿನಲ್ಲಿ ತೋರಿಸುವ ಬಗೆ

ಬೀಜ ಮೊಳೆಯುವ ಪಾಠಕ್ಕೆ ಅಂತರ್ಜಾಲದಲ್ಲಿ ಚಂದದ ವಿಡಿಯೊಗಳು ಬೇಕಾದಷ್ಟಿವೆ. ಆದರೂ ಕಲಬುರಗಿ ಸೀಮೆಯ ಮಕ್ಕಳಿಗೆ ನಾನು ತೋರಿಸುವುದು ಶಾಲೆಯಲ್ಲೇ ತೆಗೆದ ತೊಗರಿ, ಹೆಸರಿನ ವಿಡಿಯೊ. ಎರಡೂ ಮುಂಗಾರಿಗೆ ಬಿತ್ತುವ ಕಾಳುಗಳೇ. ಆದರೆ ಹೆಸರಿನ ಬೀಜದಳ (ಕಾಳಿನೊಳಗಿನ ಎರಡು ಹೋಳು) ಮಣ್ಣಿನಿಂದ ಮೇಲೇಳುತ್ತದೆ, ತೊಗರಿಯದು ಒಳಗೇ ಉಳಿಯುತ್ತದೆ. ಹೊಲದಲ್ಲಿ ಬೆಳೆದ ಮಕ್ಕಳೂ ಇದನ್ನು ಗಮನಿಸಿರುವುದು ಕಡಿಮೆ.

ಇಡೀ ಕಾಳನ್ನೇ ತರಬೇಕು, ಬೇಳೆ ಮೊಳೆಯದು. ಔಷಧ ಹಚ್ಚಿದ ಬಿತ್ತನೆ ಬೀಜ ಮಕ್ಕಳ ಕೈಗೆ ಬೇಡವೇ ಬೇಡ. ರಾತ್ರಿ ನೆನೆಸಿದ ಕಾಳನ್ನು ಗಾಜಿನ ಲೋಟದ ಗೋಡೆಗೂ ಒಳಗಿನ ಟಿಶ್ಯೂ ಕಾಗದಕ್ಕೂ ನಡುವೆ ಸಿಕ್ಕಿಸಿ, ನಡುವಿನ ಜಾಗಕ್ಕೆ ಹತ್ತಿ ತುಂಬುತ್ತೇನೆ. ತಳದಲ್ಲಿ ಒಂದು ಬೆರಳಿನಷ್ಟು ನೀರು ಸಾಕು, ಕಾಗದ ತಾನೇ ಎಳೆದುಕೊಳ್ಳುತ್ತದೆ. ಕಾಳು ನೀರಲ್ಲಿ ಮುಳುಗಿದರೆ ಕೊಳೆತು ನಾರುತ್ತದೆ. ಕಾಳಿನ ಸ್ವಲ್ಪ ಮೇಲೆ ಗಾಜಿನ ಮೇಲೊಂದು ಗೆರೆ ಎಳೆದರೆ ಅದೇ ನೆಲಮಟ್ಟ.

ಹಳೆಯ ಫೋನನ್ನು ಸ್ಟ್ಯಾಂಡಿಗೆ ಬಿಗಿದು, ಚಾರ್ಜರ್ ಹಾಕಿ, ಏರೋಪ್ಲೇನ್ ಮೋಡಿನಲ್ಲಿಡಬೇಕು. ಹತ್ತು ನಿಮಿಷಕ್ಕೊಂದು ಫೋಟೊ ಎಂದರೆ ದಿನಕ್ಕೆ 144, ಐದು ದಿನಕ್ಕೆ 720. ಸೆಕೆಂಡಿಗೆ 24ರಂತೆ ಜೋಡಿಸಿದರೆ ಸರಿಯಾಗಿ 30 ಸೆಕೆಂಡು. ಓಪನ್ ಕ್ಯಾಮೆರಾ ಎಂಬ ಉಚಿತ ಆ್ಯಪ್‌ನಲ್ಲಿ ತಾನಾಗಿಯೇ ಫೋಟೊ ತೆಗೆಯುವ ಸೌಲಭ್ಯವಿದೆ. ಫೋಕಸ್ಸನ್ನೂ ಬೆಳಕಿನ ಅಳತೆಯನ್ನೂ ಲಾಕ್ ಮಾಡದಿದ್ದರೆ ವಿಡಿಯೊ ಮಿಣಮಿಣ ಎನ್ನುತ್ತದೆ. ಕಿಟಕಿಯ ಬಿಸಿಲಿನಿಂದಲೂ ಇದೇ ತೊಂದರೆ, ಅದಕ್ಕೆ ಕಿಟಕಿಗೆ ಪೇಪರ್ ಅಂಟಿಸಿ ಹಗಲೂ ರಾತ್ರಿ ಒಂದೇ ಎಲ್‌ಇಡಿ ಬಲ್ಬು ಉರಿಸುತ್ತೇನೆ. ಕರೆಂಟು ಹೋಗುವ ಕಡೆ ಬ್ಯಾಟರಿ ಇರುವ ಇನ್ವರ್ಟರ್ ಬಲ್ಬು ಒಳ್ಳೆಯದು. ಬೇಸಿಗೆಯಲ್ಲಿ ಫೋನು ಕಾದು ನಿಂತುಬಿಡುತ್ತದೆ. ಜೂನ್ ಕೊನೆ, ಜುಲೈ ಸರಿಯಾದ ಕಾಲ, ಊರಲ್ಲಿ ಬಿತ್ತನೆಯೂ ಆಗಲೇ.

ತರಗತಿಯಲ್ಲಿ ವಿಡಿಯೊವನ್ನು ಒಂದೇ ಸಲಕ್ಕೆ ಓಡಿಸುವುದು ನನಗೆ ಒಪ್ಪಿಗೆಯಿಲ್ಲ. ಬೇರು ಇಳಿದು ಕಾಂಡ ಬಾಗಿದ ಕೂಡಲೇ ನಿಲ್ಲಿಸಿ, “ಬೀಜದಳ ಈಗ ಎಲ್ಲಿ ಹೋಗ್ತದ? ಬರೆದು ತೋರಸ್ರಿ” ಎನ್ನುತ್ತೇನೆ. ಎಲ್ಲರೂ ಚಿತ್ರ ಬರೆದ ಮೇಲಷ್ಟೇ ಮುಂದಕ್ಕೆ. ವಿಎಲ್‌ಸಿ ಪ್ಲೇಯರಿನಲ್ಲಿ ಸ್ಪೇಸ್ ಬಾರ್ ಒತ್ತಿದರೆ ನಿಲ್ಲುತ್ತದೆ, ‘ಇ’ ಕೀಲಿ ಒತ್ತಿದಂತೆಲ್ಲ ಒಂದೊಂದೇ ಚಿತ್ರ ಸರಿಯುತ್ತದೆ. ಹಿನ್ನೆಲೆ ಸಂಗೀತ ಹಾಕಬಾರದು, ಮಕ್ಕಳ ವಾದ ಕೇಳಿಸಬೇಕು. ಪ್ರೊಜೆಕ್ಟರ್ ಇಲ್ಲದಿದ್ದರೆ ಟಿವಿ ಸಾಕು, ಹಿಂದಿನ ಬೆಂಚಿನವರನ್ನು ಮುಂದೆ ನೆಲದ ಮೇಲೆ ಕೂರಿಸಿದರಾಯಿತು.

ಶೇಂಗಾ ಏನು ಮಾಡುತ್ತದೆ ಎಂದು ಯಾರಾದರೂ ಕೇಳುತ್ತಾರೆ. ಅದು ಎರಡರ ನಡುವಿನದು: ಆಳಕ್ಕೆ ಬಿತ್ತಿದರೆ ಬೀಜದಳ ಮಣ್ಣಲ್ಲೇ ಉಳಿಯುತ್ತದೆ, ಮೇಲ್ಮೇಲೆ ಬಿತ್ತಿದರೆ ಹೊರಗೆ ಕಾಣುತ್ತದೆ. ಮುಂದಿನ ವಾರ ಶೇಂಗಾವನ್ನು ಮಣ್ಣಿನ ಕುಂಡದಲ್ಲಿ ಎರಡು ಆಳಕ್ಕೆ ಬಿತ್ತಿ, ಫೋನನ್ನು ಅವರ ಕೈಗೇ ಕೊಡಿ.