ನೆಗಡಿಗೆ ಬಿಸಿ ಬಿಸಿ ಕಾಲು ಸೂಪ್

ಮಳೆ ಹಿಡಿದಿದೆ, ಮನೆಮನೆಯಲ್ಲೂ ನೆಗಡಿ ಅಲ್ವಾ? ಮಾಂಸ ತಿನ್ನುವವರು ಮೇಕೆ ಕಾಲಿನ ಸೂಪ್ ಮಾಡಿ ಕುಡಿಯಿರಿ. ಅಂಗಡಿಯಲ್ಲೇ ಕಾಲು ಸುಟ್ಟು, ಕೆರೆದು, ತುಂಡು ಮಾಡಿಸಿಕೊಳ್ಳಿ. ಅರಿಶಿನ ಹಚ್ಚಿ ಚೆನ್ನಾಗಿ ತೊಳೆಯಿರಿ. 4 ಕಾಲಿಗೆ ಒಂದೂವರೆ ಲೀಟರ್ ನೀರು, ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಸಾಂಬಾರ್ ಈರುಳ್ಳಿ, ಉಪ್ಪು. ಕುಕ್ಕರ್ ಒಂದು ಸಲ ಕೂಗಿದ ಮೇಲೆ ಉರಿ ಸಣ್ಣ ಮಾಡಿ ಮುಕ್ಕಾಲು ಗಂಟೆ ಬಿಡಿ. ಅವಸರ ಮಾಡಬೇಡಿ. ರಸ ಬೆರಳಿಗೆ ಅಂಟಂಟಾಗಿ ಸಿಗಬೇಕು, ಆಗಲೇ ಮೂಳೆಯ ಸಾರ ಇಳಿದಿದೆ ಅಂತ. ಮೇಲೆ ತೇಲುವ ಜಿಡ್ಡು ತೆಗೆದುಬಿಡಿ. ಕಾಳುಮೆಣಸು, ಜೀರಿಗೆ ಆಗಷ್ಟೇ ಕುಟ್ಟಿ ಕೊನೆಗೆ ಹಾಕಿ, 5 ನಿಮಿಷ ಕುದಿಸಿ. ಮೊದಲೇ ಹಾಕಿದರೆ ಘಮ ಹೋಗುತ್ತದೆ.

ಇದು ನೆಗಡಿ ವಾಸಿ ಮಾಡುವ ಔಷಧಿ ಅಲ್ಲ. ಅದು ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಆ ಹಬೆಗೆ ಕಟ್ಟಿದ ಮೂಗು ಸ್ವಲ್ಪ ಸಡಿಲವಾಗುತ್ತದೆ, ಗಂಟಲಿಗೆ ಹಿತ. ಊಟ ಸೇರದವರೂ ಒಂದು ಲೋಟ ಕುಡಿಯುತ್ತಾರೆ. ಮಕ್ಕಳಿಗೆ ಮೆಣಸು, ಬಿಪಿ ಇರುವವರಿಗೆ ಉಪ್ಪು ಕಡಿಮೆ ಮಾಡಿ. ಜ್ವರ 3 ದಿನ ದಾಟಿದರೆ, ಉಸಿರಾಡಲು ಕಷ್ಟವಾದರೆ ಸೂಪ್ ನೆಚ್ಚಿಕೊಂಡು ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.