ಅತ್ತೆಯ ಪಿತ್ತದ ಪೈಪು ಮತ್ತು ನಮ್ಮೂರ ಮಳೆ

ಪಿತ್ತನಾಳ ಕಟ್ಟಿಕೊಂಡು ಕಾಮಾಲೆ ಏರಿದಾಗ ನಮ್ಮ ಅತ್ತೆಗೆ ಮಂಗಳೂರಿನಲ್ಲಿ ಪೈಪ್ ಹಾಕಿದರು. ಬಲಗಡೆ ಪಕ್ಕೆಲುಬಿನ ಸಂದಿನಿಂದ ಲಿವರ್ ಒಳಗೆ ಹೋಗಿ ಕರುಳಿನವರೆಗೆ ಇಳಿಯುವ ತೆಳ್ಳಗಿನ ಪೈಪ್. ಹೊರಗೊಂದು ಬ್ಯಾಗ್. ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಹತ್ತಿರದ ಮನೆಗೆ ಬಂದಾಗ ಆಗಲೇ ಜೂನ್, ಮಳೆ ಹಿಡಿದಿತ್ತು.

ಮೊದಲು ಜ್ವರದ ವಿಷಯ ಹೇಳಿಬಿಡುತ್ತೇನೆ. ಒಂದು ರಾತ್ರಿ ಅತ್ತೆ ನಡುಗತೊಡಗಿದರು. ಮಳೆಗಾಲದ ಚಳಿ ಅಂದುಕೊಂಡು ಇನ್ನೊಂದು ಕಂಬಳಿ ಹೊದಿಸಿದೆವು. ಬೆಳಿಗ್ಗೆ ಮೈ ಕೆಂಡ. ಪಿತ್ತನಾಳಕ್ಕೆ ಸೋಂಕು ಆಗಿತ್ತು. ನಾವು ಬೆಳಗಾಗುವ ತನಕ ಕಾಯಲೇಬಾರದಿತ್ತು. ಪೈಪ್ ಇರುವವರಿಗೆ ನಡುಕ ಬಂದರೆ, ಜ್ವರ 100.4 ಡಿಗ್ರಿ ದಾಟಿದರೆ, ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ. ಬ್ಯಾಗಿಗೆ ರಕ್ತ ಬಂದರೆ, ಪಿತ್ತ ಬರುವುದು ಸಡನ್ನಾಗಿ ನಿಂತರೆ, ಪೈಪಿನ ಬುಡದಲ್ಲಿ ಸೋರಿದರೆ, ಕಣ್ಣು ಮತ್ತೆ ಹಳದಿಯಾದರೆ ಕೂಡ ತಡ ಮಾಡಬೇಡಿ.

ದಿನದ ಕೆಲಸದಲ್ಲಿ ಮುಖ್ಯವಾದದ್ದು ಸಲೈನ್ ಹಾಕಿ ಪೈಪ್ ತೊಳೆಯುವುದು. ನಮಗೆ ಹೇಳಿದ್ದು ದಿನಕ್ಕೆ ಎರಡು ಸಲ 10 ಎಂ.ಎಲ್. ನಿಮಗೆ ನಿಮ್ಮ ಡಾಕ್ಟರ್ ಹೇಳಿದಷ್ಟೇ. ಸೋಪು ಹಚ್ಚಿ ಕೈ ತೊಳೆದು, ಪೈಪಿನ ಬಾಯಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ನಿಧಾನ ತಳ್ಳಬೇಕು. 'ತಳ್ಳಿ, ಎಳೀಬೇಡಿ' ಅಂತ ನರ್ಸ್ ಮೂರು ಸಲ ಹೇಳಿದ್ದರು. ಸಿರಿಂಜ್ ಹಿಂದಕ್ಕೆ ಎಳೆದರೆ ಕರುಳಿನ ಕೊಳೆ ಪಿತ್ತನಾಳಕ್ಕೆ ಬರಬಹುದು. ಬಿಗಿ ಅನಿಸಿದರೆ, ನೋವಾದರೆ ಅಲ್ಲೇ ನಿಲ್ಲಿಸಿ ಫೋನ್ ಮಾಡಿ. ಬಲ ಹಾಕಬೇಡಿ.

ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ. ಹಳೇ ಪಂಚೆ ಹರಿದು ಒಂದು ಪಟ್ಟಿ ಹೊಲಿದಿದ್ದೆ, ಅದರಲ್ಲಿ ಬ್ಯಾಗ್ ತೊಡೆಯ ಹತ್ತಿರ ನೇತಾಡುತ್ತಿತ್ತು. ಅತ್ತೆಗೆ ಅಡುಗೆಮನೆ ತನಕ ಓಡಾಡಲು ಅದೇ ಧೈರ್ಯ. ಅರ್ಧ ತುಂಬಿದಾಗಲೇ ಖಾಲಿ ಮಾಡಿ, ಇಲ್ಲದಿದ್ದರೆ ಭಾರಕ್ಕೆ ಪೈಪ್ ಹಿಡಿದಿರುವ ಚರ್ಮದ ಹೊಲಿಗೆ ಜಗ್ಗುತ್ತದೆ. ಎಷ್ಟು ಬಂತು, ಯಾವ ಬಣ್ಣ ಅಂತ ಬರೆದಿಡಿ. ಪಿತ್ತದ ಜೊತೆ ನೀರು, ಉಪ್ಪು ಎರಡೂ ಹೋಗುತ್ತವೆ. ಜಾಸ್ತಿ ಹೋದ ದಿನ ಡಾಕ್ಟರಿಗೆ ತಿಳಿಸಿ, ಅವರು ಹೇಳಿದಂತೆ ನಾವು ಓ.ಆರ್.ಎಸ್. ಕೊಡುತ್ತಿದ್ದೆವು.

ನಮ್ಮಲ್ಲಿ ಜುಲೈನಲ್ಲಿ ಏನು ಒಣಗುತ್ತದೆ ಹೇಳಿ? ಒಲೆ ಮೇಲೆ ಒಣಗಿಸಿದ ಬಟ್ಟೆಯನ್ನು ಗಾಯಕ್ಕೆ ಸುತ್ತಬೇಡಿ. ಸ್ಟೆರೈಲ್ ಗಾಜ್ (ಗಾಯಕ್ಕೆ ಕಟ್ಟುವ ಶುದ್ಧ ಜಾಳು ಬಟ್ಟೆ) ಪ್ಯಾಕೆಟ್‌ಗಳನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ಡ್ರೆಸ್ಸಿಂಗ್ ಒದ್ದೆಯಾದರೆ ಆಗಲೇ ಬದಲಿಸಿ. ಸ್ನಾನದ ಬದಲು ಮೈ ಒರೆಸಿದರೆ ಸಾಕು.

ಪೈಪ್ ಹೊರಬಂದರೆ ಒಳಗೆ ತಳ್ಳಲು ಹೋಗಬೇಡಿ. ಶುದ್ಧ ಗಾಜ್ ಒತ್ತಿ ಕಟ್ಟಿ, ಹೊರಡಿ.

ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೊಮ್ಮೆ ಪೈಪ್ ಬದಲಿಸುತ್ತಾರೆ. ಆ ದಿನ ಕಕ್ಕಡದ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು) ನಡುವೆ ಬೀಳದಂತೆ ಮೊದಲೇ ಕೇಳಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಂಗಳೂರು ದಾರಿಯೇ ಮುಚ್ಚಿತ್ತು ಅಲ್ವಾ? ಎರಡು ವಾರದ ಸಲೈನ್, ಸಿರಿಂಜ್ ಮನೆಯಲ್ಲಿರಲಿ. ಡಿಸ್ಚಾರ್ಜ್ ಚೀಟಿಯ ಫೋಟೋ ಫೋನಿನಲ್ಲಿರಲಿ. ದಾರಿ ಮುಚ್ಚಿ ಮೈಸೂರಿಗೆ ಹೋಗಬೇಕಾಗಿ ಬಂದರೆ, ಅಲ್ಲಿನ ಡಾಕ್ಟರಿಗೆ ಪೈಪ್ ಯಾವುದು, ಎಷ್ಟು ಸೈಜ್, ಯಾವಾಗ ಹಾಕಿದ್ದು ಅಂತ ತೋರಿಸಬಹುದು.